ದತ್ತಸಂಚಯದ ವಿನ್ಯಾಸ ಮತ್ತು ಗ್ರಂಥಸಂಪಾದನೆ: ಗುಜರಾತಿ–ಕನ್ನಡ ನಿದರ್ಶನಗಳು

1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಇಬ್ಬರು ಕವಿಗಳು ಹಂಚಿಕೊಂಡರು: 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯಕ್ಕಾಗಿ ಕನ್ನಡದ ಕುವೆಂಪು, 'ನಿಶೀಥ' ಕವನಸಂಕಲನಕ್ಕಾಗಿ ಗುಜರಾತಿಯ ಉಮಾಶಂಕರ ಜೋಶಿ. ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗೆ ಇದು ಸಾಮಾನ್ಯ ತಿಳಿವಳಿಕೆಯ ಮಾತು. ಆದರೆ ಪ್ರಶಸ್ತಿ ಪಡೆದವರ ವಿವರವನ್ನು ಗಣಕಕ್ಕೆ ಊಡಿಸಲು ಹೊರಟವನು ವರ್ಷಕ್ಕೆ ಒಬ್ಬರೇ ಎಂದು ಭಾವಿಸಿ ವರ್ಷವನ್ನೇ ಕೋಷ್ಟಕದ ಕೀಲಿಯಾಗಿ ಇಟ್ಟುಕೊಂಡಿದ್ದರೆ, 1965 ಮತ್ತು 1966ರ ಸಾಲುಗಳು ಸರಾಗವಾಗಿ ಒಳಸೇರಿ ಮೂರನೆಯ ವರ್ಷದಲ್ಲಿ ಕೆಲಸ ನಿಲ್ಲುತ್ತದೆ. ಯಂತ್ರವು ಎರಡನೆಯ ಹೆಸರನ್ನು ನಿರಾಕರಿಸುತ್ತದೆ. ಇಲ್ಲವೆ ಮೊದಲನೆಯದನ್ನು ಅಳಿಸಿ ಎರಡನೆಯದನ್ನು ಬರೆದುಕೊಳ್ಳುತ್ತದೆ. ಈ ಎರಡನೆಯ ಸಂದರ್ಭ ಹೆಚ್ಚು ಅಪಾಯಕರ. ಏಕೆಂದರೆ ಅಲ್ಲಿ ತಪ್ಪು ನಡೆದುದರ ಗುರುತೇ ಉಳಿಯುವುದಿಲ್ಲ.

ತೊಡಕು ಅಲ್ಲಿಗೇ ಮುಗಿಯುವುದಿಲ್ಲ. ಹೆಸರನ್ನು 'ಸ್ವಂತ ಹೆಸರು, ತಂದೆಯ ಹೆಸರು, ಕುಲನಾಮ' ಎಂದು ಮೂರು ಮನೆಗಳಲ್ಲಿ ತುಂಬಬೇಕೆಂದರೆ ಉಮಾಶಂಕರ ಜೇಠಾಲಾಲ ಜೋಶಿ ಎಂಬುದು ಅಳತೆ ಕೊಟ್ಟು ಹೊಲಿಸಿದಂತೆ ಕೂಡುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರಲ್ಲಿ ಮೊದಲನೆಯದು ಊರು, ನಡುವಿನದು ತಂದೆ, ಕೊನೆಯದು ಸ್ವಂತ ಹೆಸರು. ಮನೆಗಳು ಮೂರೇ, ಪದಗಳೂ ಮೂರೇ. ಆದರೆ ಪುಟ್ಟಪ್ಪ ಕುಲನಾಮವಾಗಿ, ಕುಪ್ಪಳಿ ಸ್ವಂತ ಹೆಸರಾಗಿ ಕುಳಿತುಬಿಡುತ್ತದೆ. ಕುವೆಂಪು ಎಂಬ ಕಾವ್ಯನಾಮಕ್ಕೆ ಮನೆಯೇ ಇಲ್ಲ. ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಹೆಸರು ಮಾತ್ರ ಗುಜರಾತಿನ ಅಚ್ಚಿಗೆ ಹೊಂದಿಕೊಳ್ಳುತ್ತದೆ. ಒಂದೇ ಭಾಷೆಯ ಇಬ್ಬರು ಕವಿಗಳು ಒಂದೇ ಕೋಷ್ಟಕದಲ್ಲಿ ಎರಡು ನ್ಯಾಯಕ್ಕೆ ಒಳಗಾಗುವ ಸ್ಥಿತಿ ಇದು.

ಇಂಥ ಪ್ರಶ್ನೆಗಳನ್ನು ತಂತ್ರಜ್ಞರ ಪಾಲಿಗೆ ಬಿಟ್ಟು ಭಾಷಾವಿಭಾಗಗಳು ನಿಶ್ಚಿಂತವಾಗಿರುವುದು ರೂಢಿಯಾಗಿದೆ. ದತ್ತಸಂಚಯವೆಂದರೆ ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಮಾಹಿತಿಯನ್ನು ಜೋಡಿಸಿಟ್ಟ ಕೋಶ. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಪ್ರಕಟಿಸಿದ ಪ್ರಬಂಧವೊಂದು ಇದಕ್ಕೆ ಗಣಿತದ ತಳಹದಿಯನ್ನು ಒದಗಿಸಿತು. ಜಾಲತಾಣವು ಈ ಕೋಶಕ್ಕೆ ಇಟ್ಟ ಬಾಗಿಲು ಮಾತ್ರ. ಬಾಗಿಲು ಎಷ್ಟು ಅಂದವಾಗಿದ್ದರೂ ಒಳಗೆ ಯಾವುದು ಯಾವುದರೊಡನೆ ಒಂದೇ, ಯಾವುದು ಬೇರೆ ಎಂಬುದು ಇತ್ಯರ್ಥವಾಗಿರದಿದ್ದರೆ ಕೇಳಿದ್ದು ದೊರೆಯುವುದಿಲ್ಲ. ಆ ಇತ್ಯರ್ಥ ಗಣಕದ ವಿಷಯವಲ್ಲ. ಗ್ರಂಥಸಂಪಾದಕನೂ ನಿಘಂಟುಕಾರನೂ ಗ್ರಂಥಪಾಲಕನೂ ಬಹುಕಾಲದಿಂದ ಮಾಡುತ್ತ ಬಂದಿರುವ ವಿಮರ್ಶೆಯ ವಿಷಯ. ಗುಜರಾತಿನ ವಡೋದರಾ, ಸೂರತ್, ಅಹಮದಾಬಾದ್ ನಗರಗಳಲ್ಲಿ ಗಣಕಕ್ಕೆ ಮುಂಚೆಯೇ ಈ ಕೆಲಸ ಮೂರು ಬಗೆಯಲ್ಲಿ ನಡೆದಿದೆ. ಕನ್ನಡದ ಸಮಸ್ಯೆಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಹಲವು ಅಂಶಗಳು ಸ್ಪಷ್ಟವಾಗುತ್ತವೆ.

ವಡೋದರೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ವಿಲಿಯಂ ಆಲನ್ಸನ್ ಬೋರ್ಡನ್ ಎಂಬ ಗ್ರಂಥಾಲಯತಜ್ಞನನ್ನು ಕರೆಸಿಕೊಂಡರು. ಆತ ಅಲ್ಲಿದ್ದುದು ಮೂರು ವರ್ಷ ಮಾತ್ರ. ಆದರೂ ಸಂಸ್ಥಾನದ ಊರೂರಿಗೆ ಹರಡಿದ ಗ್ರಂಥಾಲಯ ವ್ಯವಸ್ಥೆಗೂ ಕೇಂದ್ರ ಗ್ರಂಥಾಲಯದ ವರ್ಗೀಕರಣಕ್ಕೂ ಗ್ರಂಥಪಾಲಕರ ತರಬೇತಿಗೂ ಅಡಿಪಾಯ ಬಿದ್ದುದು ಆಗಲೇ. ಗುಜರಾತಿ, ಮರಾಠಿ, ಇಂಗ್ಲಿಷ್, ಸಂಸ್ಕೃತ ಗ್ರಂಥಗಳು ಒಂದೇ ಆಡಳಿತದ ಕೆಳಗೆ ಬಂದಾಗ, ಭಾರತೀಯ ಲೇಖಕನ ಹೆಸರಿನ ಯಾವ ಭಾಗವನ್ನು ಶೀರ್ಷಕ್ಕೆ ತರಬೇಕೆಂಬ ಪ್ರಶ್ನೆ ತಪ್ಪಿಸಿಕೊಳ್ಳುವಂತಿರಲಿಲ್ಲ. ಮುಂದೆ ಎಸ್.ಆರ್. ರಂಗನಾಥನ್ ಅವರು 1934ರ ತಮ್ಮ ಸೂಚೀಕರಣ ಸಂಹಿತೆಯಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡರು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಕನ್ನಡ ವಿಭಾಗಗಳಿಗೆ ಕೂಗಳತೆಯಲ್ಲಿದ್ದರೂ ಎರಡರ ನಡುವೆ ಆಗಬೇಕಾದಷ್ಟು ಕೊಡುಕೊಳೆ ಆಗಲಿಲ್ಲವೆಂಬುದು ವಿಷಾದದ ಸಂಗತಿ.

ಸೂಚೀಕರಣಶಾಸ್ತ್ರ ಕಂಡುಕೊಂಡ ಉಪಾಯ ಸರಳವಾದುದು. ಗ್ರಂಥದ ಮುಖಪುಟದಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಒಂದು ಕಡೆ ನಕಲಿಸುವುದು. ಆ ವ್ಯಕ್ತಿಗೆ ಒಪ್ಪಿತವಾದ ಒಂದು ಶೀರ್ಷವನ್ನು ಇನ್ನೊಂದು ಕಡೆ ಗೊತ್ತುಪಡಿಸಿ, ಉಳಿದ ರೂಪಗಳಿಂದ ಅದಕ್ಕೆ 'ನೋಡಿ' ಎಂಬ ದಾರಿ ತೋರುವುದು. ಶ್ರೀನಿವಾಸ ಎಂದು ಹುಡುಕಿದವನು ಮಾಸ್ತಿ ವೆಂಕಟೇಶ ಅಯ್ಯಂಗಾರರನ್ನು, ವಾಸುಕಿ ಎಂದು ಹುಡುಕಿದವನು ಉಮಾಶಂಕರ ಜೋಶಿಯವರನ್ನು ತಲುಪುವುದು ಹೀಗೆ. ಊರುಗಳಿಗೂ ಇದೇ ಮಾತು ಸಲ್ಲುತ್ತದೆ. 1916ರಲ್ಲಿ ರಾಜಶೇಖರನ ಕಾವ್ಯಮೀಮಾಂಸೆಯೊಡನೆ ಆರಂಭವಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಹಳೆಯ ಸಂಪುಟಗಳಲ್ಲಿ ಪ್ರಕಟಣಸ್ಥಳ ಬರೋಡಾ. 1974ರಿಂದ ನಗರದ ಅಧಿಕೃತ ಹೆಸರು ವಡೋದರಾ. ಗುಜರಾತಿಗಳು ಬರೆಯುವುದು ಅಮದಾವಾದ. ಕನ್ನಡದಲ್ಲಿ ಅಹಮದಾಬಾದ್, ಅಹ್ಮದಾಬಾದ್, ಅಹಮದಾಬಾದು ಎಂಬ ಮೂರು ರೂಪಗಳಾದರೂ ಉಂಟು. ಅವರ ಸುರತ ಕನ್ನಡದಲ್ಲಿ ಸೂರತ್ ಆಗಿದೆ. ಹಳೆಯ ಮುಖಪುಟದ 'ಬರೋಡಾ'ವನ್ನು ಅಳಿಸಿ 'ವಡೋದರಾ' ಎಂದು ತಿದ್ದಿದರೆ ಗ್ರಂಥದ ಸಾಕ್ಷ್ಯ ಕೆಡುತ್ತದೆ. ತಿದ್ದದೆ ಹಾಗೆಯೇ ಬಿಟ್ಟರೆ ಒಂದೇ ಊರು ಎರಡಾಗುತ್ತದೆ. ಆದ್ದರಿಂದ ಕಂಡದ್ದಕ್ಕೆ ಒಂದು ಮನೆ, ನಿರ್ಣಯಿಸಿದ್ದಕ್ಕೆ ಮತ್ತೊಂದು ಮನೆ ಬೇಕೇ ಬೇಕು. ಈ ಲೇಖನದ ಪ್ರಧಾನ ವಾದವೂ ಇದೇ.

ಸೂರತ್ ನಗರದ ಕೊಡುಗೆ ಅಕಾರಾದಿಗೆ ಸಂಬಂಧಿಸಿದುದು. ಆ ಊರಿನ ನರ್ಮದ್ ಎಂದು ಪ್ರಸಿದ್ಧನಾದ ಕವಿ ನರ್ಮದಾಶಂಕರ ದವೆ (1833–1886) ತನ್ನ 'ನರ್ಮಕೋಶ'ವನ್ನು 1873ರಲ್ಲಿ ಸಂಪೂರ್ಣ ರೂಪದಲ್ಲಿ ಪ್ರಕಟಿಸಿದ. ಸುಮಾರು 25 ಸಾವಿರ ಪದಗಳ ಈ ಗುಜರಾತಿ–ಗುಜರಾತಿ ನಿಘಂಟು ಒಬ್ಬನೇ ವ್ಯಕ್ತಿಯ ದುಡಿಮೆ. (ಇಂದು ಗುಜರಾತಿನ ನಾಡಗೀತೆಯಾಗಿರುವ ಪದ್ಯ ಈ ಶುಷ್ಕ ನಿಘಂಟಿನ ಮುನ್ನುಡಿಯ ಜೊತೆಗೆ ಹುಟ್ಟಿತೆಂಬುದನ್ನು ನಿಘಂಟುಕಾರರು ನೆನೆದು ಸಮಾಧಾನ ಪಡಬಹುದು.) ಪದಗಳನ್ನು ಸಂಗ್ರಹಿಸುವುದರಷ್ಟೇ ಕಷ್ಟವಾದುದು ಅವನ್ನು ಯಾವ ಕ್ರಮದಲ್ಲಿ, ಯಾವ ಕಾಗುಣಿತದಲ್ಲಿ ನಿಲ್ಲಿಸಬೇಕೆಂಬುದು.

ಗಣಕದ ಮಟ್ಟಿಗೆ ಅಕ್ಷರವೆಂದರೆ ಒಂದು ಸಂಖ್ಯೆ. ಭಾರತೀಯ ಲಿಪಿಗಳಿಗೆ 1991ರಲ್ಲಿ ಮಾನಕವಾದ 'ಇಸ್ಕಿ' ಸಂಕೇತವು ನಾಗರಿಯ ಕ್ರಮವನ್ನು ಆಧಾರವಾಗಿಟ್ಟುಕೊಂಡು ಎಲ್ಲ ಲಿಪಿಗಳನ್ನೂ ಒಂದೇ ಎರಕದಲ್ಲಿ ಹೊಯ್ದಿತು. ಯೂನಿಕೋಡ್ ಸಹ ಅದೇ ಜೋಡಣೆಯನ್ನು ಅನುಸರಿಸಿತು. ಪರಿಣಾಮವಾಗಿ ಕನ್ನಡದ ಳಕಾರವು ಲಕಾರದ ಬಳಿ, ವಕಾರಕ್ಕೆ ಮೊದಲು ಬಂದು ಕುಳಿತಿದೆ. ಕನ್ನಡ ವರ್ಣಮಾಲೆಯಲ್ಲಾದರೋ ಅದು ಹಕಾರದ ಅನಂತರದ ಅಕ್ಷರ. ಸಂಕೇತಸಂಖ್ಯೆಯ ಪ್ರಕಾರ ವಿಂಗಡಿಸಿದರೆ 'ಕಳಶ' ಮೊದಲು, 'ಕವಿ', 'ಕಸ', 'ಕಹಿ' ಆಮೇಲೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ಮಗುಚಿ ನೋಡುವ ಓದುಗನಿಗೆ ಇದು ತಲೆಕೆಳಗು. ಗುಜರಾತಿ ವರ್ಣಮಾಲೆಯಲ್ಲಿಯೂ ಳಕಾರ ಹಕಾರದ ಮುಂದಿನದು. ಯೂನಿಕೋಡಿನಲ್ಲಿ ಅದಕ್ಕೂ ಲಕಾರದ ಪಕ್ಕದ ಸ್ಥಾನವೇ ದೊರೆತಿದೆ. ಅಂದರೆ ನರ್ಮದನ ಭಾಷೆಗೂ ಕನ್ನಡಕ್ಕೂ ಈ ಸಂಕಟ ಸಮಾನ. ಪರಿಹಾರವಿಲ್ಲವೆಂದಲ್ಲ. ಸಂಕೇತಸಂಖ್ಯೆ ಬೇರೆ, ವಿಂಗಡಣೆಯ ಕ್ರಮ ಬೇರೆ ಎಂದು ತಿಳಿದು, ಆಯಾ ಭಾಷೆಯ ನಿಯಮವನ್ನು ದತ್ತಸಂಚಯಕ್ಕೆ ಪ್ರತ್ಯೇಕವಾಗಿ ತಿಳಿಸಬೇಕು. ತಿಳಿಸುವವರಿಗೆ ನಿಯಮ ಗೊತ್ತಿರಬೇಕು ಎಂಬಲ್ಲಿ ಕನ್ನಡ ವಿಭಾಗದ ಹೊಣೆ ಆರಂಭವಾಗುತ್ತದೆ.

ೞಕಾರದ ಕಥೆ ಇನ್ನೂ ಸ್ವಾರಸ್ಯಕರ. ಯೂನಿಕೋಡಿನಲ್ಲಿ ಈ ಅಕ್ಷರಕ್ಕೆ ಸ್ಥಾನವೇನೋ ಇದೆ. ಆದರೆ ಅದರ ಅಧಿಕೃತ ಹೆಸರು 'ಕನ್ನಡ ಅಕ್ಷರ ಫ' ಎಂದಾಗಿದೆ. ಆರಂಭದಲ್ಲಿ ಯಾರೋ ಮಾಡಿದ ತಪ್ಪು ಗುರುತಿಸುವಿಕೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಆ ಮಾನಕದ ಕಟ್ಟುಪಾಡಾದ್ದರಿಂದ, ತಿದ್ದುಪಡಿಯನ್ನು ಉಪನಾಮವಾಗಿ ಪಕ್ಕದಲ್ಲಿ ಸೇರಿಸಿದ್ದಾರೆಯೇ ಹೊರತು ಮೂಲವನ್ನು ಅಳಿಸಿಲ್ಲ. ನಗೆ ಬರಿಸುವ ಪ್ರಸಂಗವಾದರೂ ಇದರಲ್ಲಿ ಒಂದು ಶಿಸ್ತು ಇದೆ: ತಪ್ಪೂ ದಾಖಲೆಯ ಅಂಗ. ನಿಜವಾದ ನಷ್ಟ ಆಗಿರುವುದು ಬೇರೆಡೆ. ಹಳಗನ್ನಡ ಪಠ್ಯಗಳನ್ನು ಗಣಕಕ್ಕೆ ಊಡಿಸುವಾಗ ಕೀಲಿಮಣೆಯಲ್ಲಿ ೞ, ಱ ಸುಲಭವಾಗಿ ಸಿಗದೆ ಳ, ರ ಹಾಕಿ ಮುಂದುವರಿದರೆ, ಬಾೞ್ (ಜೀವಿಸು) ಎಂಬುದೂ ಬಾಳ್ (ಖಡ್ಗ) ಎಂಬುದೂ ಒಂದಾಗುತ್ತವೆ. ಅಱಿ (ತಿಳಿ) ಎಂಬುದು ಅರಿ (ಕತ್ತರಿಸು) ಎಂಬುದರಲ್ಲಿ ಕರಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ೞಕಾರವುಳ್ಳ ಪದಗಳನ್ನು ಎಣಿಸಿ ಕೊಟ್ಟುದು ಈ ಗೊಂದಲವನ್ನು ತಡೆಯಲೆಂದೇ. ಆಧುನಿಕ ಕಾಗುಣಿತದಲ್ಲಿ ಹುಡುಕುವ ಓದುಗನಿಗೂ ಪಠ್ಯ ಸಿಗಬೇಕೆಂಬುದು ನ್ಯಾಯವಾದ ಅಪೇಕ್ಷೆ. ಅದಕ್ಕಾಗಿ ೞವನ್ನು ಳ ಎಂದು ಭಾವಿಸುವ ಹುಡುಕುಸೂಚಿಯನ್ನು ಪ್ರತ್ಯೇಕವಾಗಿ ಇಡಬಹುದು, ಪಠ್ಯವನ್ನು ಮುಟ್ಟಬೇಕಾಗಿಲ್ಲ. ಳ ಎಂದು ಬರೆದುಬಿಟ್ಟುದನ್ನು ಮರಳಿ ೞ ಮಾಡಲು ಮಾತ್ರ ಗಣಕಕ್ಕೆ ಸಾಧ್ಯವಿಲ್ಲ. ಹಳಗನ್ನಡ ಬಲ್ಲವರು ಸಾಲುಸಾಲಾಗಿ ಕುಳಿತು ಓದಬೇಕು.

ಕಣ್ಣಿಗೆ ಒಂದೇ ಆಗಿ ಕಂಡು ಯಂತ್ರಕ್ಕೆ ಬೇರೆಯಾಗುವ ರೂಪಗಳೂ ಇವೆ. 'ಕೋ' ಎಂಬ ಅಕ್ಷರದ ಸ್ವರಭಾಗ ಒಂದೇ ಸಂಕೇತವಾಗಿ ಬರಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಮೂರು ತುಂಡುಗಳಾಗಿಯೂ ಬರಬಹುದು. ತೆರೆಯ ಮೇಲೆ ವ್ಯತ್ಯಾಸವಿಲ್ಲ. ಹೋಲಿಸಿ ನೋಡುವ ಗಣಕಕ್ಕೆ ಅವು ಎರಡು ಪದಗಳು. ರಕಾರ ಯಕಾರಗಳ ಒತ್ತಕ್ಷರವನ್ನು ಅರ್ಕಾವತ್ತಿಲ್ಲದೆ ತೋರಿಸಲು ಬಳಸುವ ಅಗೋಚರ ಸಂಕೇತವೂ ಇಂಥದೇ ಕಾಟ ಕೊಡುತ್ತದೆ. ಇವನ್ನು ಒಂದೇ ರೂಪಕ್ಕೆ ತರುವ ಕ್ರಿಯೆಗೆ ಸಾಮಾನ್ಯೀಕರಣವೆಂದು ಹೆಸರು. ಕೋಷ್ಟಕಗಳಲ್ಲಿ ಒಂದೇ ಸಂಗತಿ ಪುನರಾವರ್ತನೆಯಾಗದಂತೆ ಒಡೆದು ಜೋಡಿಸುವುದಕ್ಕೂ ಅದೇ ಹೆಸರಿರುವುದರಿಂದ ವಿದ್ಯಾರ್ಥಿಗಳು ಎಚ್ಚರ ವಹಿಸಬೇಕು. ಮೊದಲನೆಯದು ಯಾಂತ್ರಿಕ ಕ್ರಿಯೆ. ಎರಡನೆಯದಕ್ಕೆ ವಿಷಯದ ತಿಳಿವಳಿಕೆ ಬೇಕು.

ಕಾಗುಣಿತದ ಐಕ್ಯವನ್ನು ಅಧಿಕಾರವಾಣಿಯಿಂದ ಸಾಧಿಸಲು ಹೊರಟ ನಗರ ಅಹಮದಾಬಾದ್. ಗಾಂಧೀಜಿ 1920ರಲ್ಲಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠವು 1929ರಲ್ಲಿ 'ಜೋಡಣಿಕೋಶ'ವನ್ನು ಹೊರತಂದಿತು. ಜೋಡಣಿ ಎಂದರೆ ಕಾಗುಣಿತ. ಇನ್ನು ಮುಂದೆ ಮನಬಂದಂತೆ ಬರೆಯುವ ಹಕ್ಕು ಯಾರಿಗೂ ಇಲ್ಲ ಎಂಬುದು ಗಾಂಧೀಜಿಯವರ ಅಭಿಪ್ರಾಯವಾಗಿತ್ತು. ಅದು ಬಹುಮಟ್ಟಿಗೆ ನಡೆದೂ ನಡೆಯಿತು. ಆದರೆ ಗುಜರಾತಿಯ ಆಡುನುಡಿಯಲ್ಲಿ ಇ–ಈ, ಉ–ಊಗಳ ಹ್ರಸ್ವದೀರ್ಘ ಭೇದ ಅರ್ಥಭೇದಕವಲ್ಲ. ಬರೆಹದಲ್ಲಿ ಮಾತ್ರ ಅದನ್ನು ಕಾಯ್ದುಕೊಳ್ಳಬೇಕು. 1999ರಲ್ಲಿ ಉತ್ತರ ಗುಜರಾತಿನ ಊಂಝಾದಲ್ಲಿ ಸೇರಿದ ಸಮ್ಮೇಳನವು ಒಂದೇ ಇಕಾರ, ಒಂದೇ ಉಕಾರ ಸಾಕೆಂದು ಸಾರಿತು. ಆ ರೀತಿಯಲ್ಲಿ ಅಚ್ಚಾದ ಪುಸ್ತಕಗಳೂ ವಿದ್ಯಾಪೀಠದ ರೀತಿಯಲ್ಲಿ ಅಚ್ಚಾದವೂ ಒಂದೇ ಗ್ರಂಥಾಲಯದಲ್ಲಿ ಸೇರಿದಾಗ, ಒಂದನ್ನು ತಪ್ಪೆಂದು ತಿದ್ದುವ ಅಧಿಕಾರ ಸೂಚಿಕಾರನಿಗಿಲ್ಲ. ಅವನು ಎರಡನ್ನೂ ಕಂಡಂತೆ ಬರೆದು, ಎರಡೂ ಒಂದೆಡೆ ಸಿಗುವಂತೆ ಮಾಡಬೇಕು.

ಇದು ಕೇವಲ ವಿದ್ವಾಂಸರ ಚಿಂತೆಯೆಂದು ತಿಳಿಯಲಾಗದು. ಕರ್ನಾಟಕದ ಕಂದಾಯ ಇಲಾಖೆಯ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು 2001ರ ಹೊತ್ತಿಗೆ ಗಣಕಕ್ಕೆ ತಂದಿತು. ಶಾನುಭೋಗರ ಕಾಲದಿಂದ ಬಂದ ಕೈಬರೆಹದಲ್ಲಿ 'ಬಸಪ್ಪ ಬಿನ್ ಕರಿಯಪ್ಪ' ಎಂದಿರುವವನು ಇನ್ನೊಂದು ಗುರುತಿನ ಚೀಟಿಯಲ್ಲಿ 'ಬಸವಪ್ಪ ಕೆ.' ಆಗಿರಬಹುದು, ಮತ್ತೊಂದರಲ್ಲಿ ರೋಮನ್ ಲಿಪಿಯಿಂದ ಮರಳಿ ಬಂದು 'ಬಾಸಪ್ಪ' ಆಗಿರಬಹುದು. ಹಳ್ಳಿಯವರಿಗೆ ಅವನು ಒಬ್ಬನೇ. ಎರಡು ಕೋಶಗಳನ್ನು ಅಕ್ಷರಶಃ ಹೋಲಿಸುವ ಯಂತ್ರಕ್ಕೆ ಇಬ್ಬರು ಅಥವಾ ಮೂವರು. ಹೆಸರು ತಾಳೆಯಾಗದೆ ಸಾಲವೋ ಪರಿಹಾರದ ಹಣವೋ ನಿಂತರೆ ಅದರ ಮೂಲ ಕಾಗುಣಿತದಲ್ಲಿದೆ, ಮೂರು ಮನೆಗಳ ಆ ನಮೂನೆಯಲ್ಲಿದೆ. 'ಬಿನ್', 'ಕೋಂ' ಎಂಬ ಕಂದಾಯದ ಪದಗಳು ತಂದೆಯನ್ನೂ ಗಂಡನನ್ನೂ ಬೇರ್ಪಡಿಸಿ ಹೇಳುತ್ತಿದ್ದವು. ನಮೂನೆ ರಚಿಸುವವರು ಅದನ್ನು ಅರಿತಿದ್ದರೆ ಎಷ್ಟೋ ಗೊಂದಲ ತಪ್ಪೀತು.

ಹಸ್ತಪ್ರತಿಗಳ ವಿಷಯಕ್ಕೆ ಬಂದರೆ ಅಹಮದಾಬಾದಿನ ಪರಿಸರ ಮತ್ತೂ ಸಮೃದ್ಧ. ಮುನಿ ಪುಣ್ಯವಿಜಯರು ಪಾಟಣ, ಖಂಭಾತ, ಜೈಸಲಮೇರುಗಳ ಜೈನ ಭಂಡಾರಗಳನ್ನು ಶೋಧಿಸಿ ಸೂಚಿಗಳನ್ನು ಸಿದ್ಧಪಡಿಸಿದರು. ಅವರ ಸಂಗ್ರಹವೇ ಅಲ್ಲಿನ ಲಾಲಭಾಯಿ ದಲಪತಭಾಯಿ ಭಾರತೀಯ ಸಂಸ್ಕೃತಿ ವಿದ್ಯಾಮಂದಿರಕ್ಕೆ ತಳಹದಿ. ಅಹಮದಾಬಾದಿನಿಂದ ಗಾಂಧಿನಗರಕ್ಕೆ ಹೋಗುವ ದಾರಿಯ ಕೋಬಾದಲ್ಲಿರುವ ಆಚಾರ್ಯ ಕೈಲಾಸಸಾಗರಸೂರಿ ಜ್ಞಾನಮಂದಿರವು ತನ್ನ ಅಪಾರ ಹಸ್ತಪ್ರತಿಗಳ ವಿವರವನ್ನು ಗಣಕಕ್ಕೆ ತಂದು, 'ಕೈಲಾಸ ಶ್ರುತಸಾಗರ ಗ್ರಂಥಸೂಚಿ' ಎಂಬ ಹೆಸರಿನಲ್ಲಿ ಸಂಪುಟ ಸಂಪುಟವಾಗಿ ಅಚ್ಚುಮಾಡಿಸಿದೆ. ಇಂಥ ಕೆಲಸದಲ್ಲಿ ಮೊದಲು ಎದುರಾಗುವ ವಿನ್ಯಾಸದ ಪ್ರಶ್ನೆ: ಕೃತಿ ಬೇರೆ, ಪ್ರತಿ ಬೇರೆ. ಒಂದು ಕಟ್ಟಿನಲ್ಲಿ ಹತ್ತು ಕೃತಿಗಳಿರಬಹುದು; ಒಂದು ಕೃತಿ ನೂರು ಕಟ್ಟುಗಳಲ್ಲಿರಬಹುದು. ಮೂಲ ಒಬ್ಬನದು, ಟೀಕೆ ಇನ್ನೊಬ್ಬನದು, ಲಿಪಿಕಾರ ಮತ್ತೊಬ್ಬ, ಬರೆಯಿಸಿದ ಶ್ರಾವಕಿ ಬೇರೊಬ್ಬಳು. 'ಗ್ರಂಥ' ಎಂಬ ಒಂದೇ ಕೋಷ್ಟಕದಲ್ಲಿ ಇವೆಲ್ಲವನ್ನೂ ತುರುಕಿದರೆ ಟೀಕಾಕಾರನು ಕವಿಯಾಗುತ್ತಾನೆ, ಪ್ರತಿಯ ಕಾಲವೇ ಕೃತಿಯ ಕಾಲವಾಗುತ್ತದೆ. ಮೂಡಬಿದಿರೆಯ, ಶ್ರವಣಬೆಳಗೊಳದ ಓಲೆಗರಿಗಳನ್ನು ಸೂಚಿಸುವವರಿಗೂ ಇದು ಅನ್ವಯಿಸುತ್ತದೆ.

ವಡೋದರೆಯ ಪ್ರಾಚ್ಯವಿದ್ಯಾಮಂದಿರವು 1960ರಿಂದ 1975ರ ವರೆಗೆ ಪ್ರಕಟಿಸಿದ ವಾಲ್ಮೀಕಿ ರಾಮಾಯಣದ ಪರಿಷ್ಕೃತ ಆವೃತ್ತಿಯು ಈ ಶಿಸ್ತಿನ ಶಿಖರ. ಮೇಲೆ ಸಂಪಾದಕರು ಒಪ್ಪಿದ ಪಾಠ, ಕೆಳಗೆ ಪ್ರತಿಗಳಲ್ಲಿ ಕಂಡ ಪಾಠಾಂತರ, ಪ್ರತಿಯೊಂದರ ಮುಂದೆ ಅದರ ಆಕರದ ಸಂಕೇತ. ನಿರ್ಣಯವನ್ನು ಒಪ್ಪದ ಓದುಗನು ಅದೇ ಪುಟದ ಸಾಮಗ್ರಿಯಿಂದ ಬೇರೆ ನಿರ್ಣಯಕ್ಕೆ ಬರಬಲ್ಲ. ಇದಕ್ಕಿಂತ ಉತ್ತಮವಾದ ದತ್ತಸಂಚಯ ವಿನ್ಯಾಸವನ್ನು ಗಣಕಶಾಸ್ತ್ರ ಹೊಸದಾಗಿ ಕಲಿಸಬೇಕಾಗಿಲ್ಲ.

ಕನ್ನಡದಲ್ಲಿ ಇದರ ಕಠಿಣ ಪರೀಕ್ಷೆ ನಡೆಯುವುದು ವಚನಗಳಲ್ಲಿ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸಮಗ್ರ ವಚನ ಸಂಪುಟಗಳು ಪ್ರಕಟವಾದವು. 2010ರ ದಶಕದಲ್ಲಿ 'ವಚನ ಸಂಚಯ' ಎಂಬ ಜಾಲತಾಣವು ಓ.ಎಲ್. ನಾಗಭೂಷಣಸ್ವಾಮಿಯವರ ಮಾರ್ಗದರ್ಶನದಲ್ಲಿ ಇಪ್ಪತ್ತು ಸಾವಿರಕ್ಕೂ ಮೀರಿದ ವಚನಗಳನ್ನು ಹುಡುಕಲು ಬರುವಂತೆ ಮಾಡಿದುದು ಸ್ಮರಣೀಯ ಕಾರ್ಯ. ಆದರೆ ಕರ್ತೃವನ್ನು ಗುರುತಿಸುವ ಕೀಲಿ ಯಾವುದು? ಅಂಕಿತವೇ ಕೀಲಿ ಎಂದರೆ ಬಸವಣ್ಣನ 'ಕೂಡಲಸಂಗಮದೇವ' ಮತ್ತು ಚೆನ್ನಬಸವಣ್ಣನ 'ಕೂಡಲಚೆನ್ನಸಂಗಯ್ಯ' ಒಂದೇ ಪದದಿಂದ ಆರಂಭವಾಗುತ್ತವೆ. ಅಲ್ಲಮನ ಅಂಕಿತ ಗುಹೇಶ್ವರ, ಗೊಹೇಶ್ವರ ಎಂದು ಎರಡಾಗುತ್ತದೆ. 'ರಾಮನಾಥ' ಅಂಕಿತದ ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬರೋ ಇಬ್ಬರೋ ಎಂಬುದು ವಿದ್ವಾಂಸರಲ್ಲಿ ಚರ್ಚಿತ ವಿಷಯ. ಕೋಷ್ಟಕದಲ್ಲಿ ಒಂದು ಸಾಲು ಇಟ್ಟವನು ಒಂದು ಪಕ್ಷ, ಎರಡು ಸಾಲು ಇಟ್ಟವನು ಇನ್ನೊಂದು ಪಕ್ಷ. ನಿಷ್ಪಕ್ಷವಾದ ಕೋಷ್ಟಕವಿಲ್ಲ. ಯಾರ ಮತದ ಮೇರೆಗೆ ಹಾಗೆ ಇಡಲಾಯಿತೆಂಬುದನ್ನು ಬರೆದಿಡುವ ಮನೆ ಇದ್ದರೆ ಸಾಕು.

ಅಂಕಿತವನ್ನು ಮುಟ್ಟುವುದರ ಗಂಭೀರತೆಯನ್ನು ಕನ್ನಡ ನಾಡು ನ್ಯಾಯಾಲಯದಲ್ಲಿಯೂ ಕಂಡಿದೆ. 'ಕೂಡಲಸಂಗಮದೇವ' ಎಂಬಲ್ಲಿ 'ಲಿಂಗದೇವ' ಎಂದು ಬದಲಿಸಿ ಪ್ರಕಟಿಸಿದ ಬಸವ ವಚನಗಳ ಸಂಕಲನವೊಂದನ್ನು ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು; ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ಅಚ್ಚಿನಲ್ಲಿ ಅಂಥ ಬದಲಾವಣೆಗೆ ಹೊಸ ಆವೃತ್ತಿಯೇ ಬೇಕಾಯಿತು. ದತ್ತಸಂಚಯದಲ್ಲಿ ಒಂದು ಆಜ್ಞೆ ಸಾಕು. ಎಲ್ಲ ಸಾಲುಗಳಲ್ಲಿಯೂ ಪದ ಬದಲಾಗುತ್ತದೆ, ಹಳೆಯ ಪ್ರತಿ ಕಪಾಟಿನಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಪಠ್ಯದ ಪ್ರತಿಯೊಂದು ತಿದ್ದುಪಡಿಗೂ ದಿನಾಂಕ, ತಿದ್ದಿದವರ ಹೆಸರು, ಹಿಂದಿನ ರೂಪ ಉಳಿಯುವಂತೆ ವಿನ್ಯಾಸ ಮಾಡುವುದು ಸಂಪಾದಕನ ಧರ್ಮಕ್ಕೆ ಸೇರಿದುದು.

ಕಡೆಗೆ, ಹೆಸರೇ ಇಲ್ಲದವರ ವಿಷಯ. ಕರ್ತೃ ತಿಳಿಯದ ವಚನಗಳಿಗೆ ಕರ್ತೃವಿನ ಮನೆಯಲ್ಲಿ 'ಅಜ್ಞಾತ' ಎಂದು ತುಂಬುವುದು ವಾಡಿಕೆ. ಗಣಕವು ಅದನ್ನೂ ಒಂದು ವ್ಯಕ್ತಿನಾಮವೆಂದೇ ಗ್ರಹಿಸುತ್ತದೆ. ಹೆಚ್ಚು ಬರೆದವರ ಪಟ್ಟಿ ಕೇಳಿದರೆ ಅಜ್ಞಾತನು ಮೇಲಿನ ಸಾಲಿಗೆ ಬಂದುಬಿಡುತ್ತಾನೆ. ಅವನ ಶೈಲಿ, ಅವನ ಪದಬಳಕೆ ಎಂದು ಅಂಕಿಅಂಶ ತೆಗೆಯಲೂಬಹುದು. ಕರ್ತೃ ಯಾರೆಂದು ತಿಳಿಯದು, ಯಾರೆಂಬುದು ವಿವಾದದಲ್ಲಿದೆ, ಊಡಿಸಿದವರು ಇನ್ನೂ ನೋಡಿಲ್ಲ: ಈ ಮೂರೂ ಬೇರೆ ಬೇರೆ ಸ್ಥಿತಿಗಳು. 'ಕವಿರಾಜಮಾರ್ಗ'ದ ಎದುರು ನೃಪತುಂಗ ಎಂದೋ ಶ್ರೀವಿಜಯ ಎಂದೋ ಬರೆಯುವುದಕ್ಕೆ ಮುಂಚೆ ಎರಡನೆಯ ಸ್ಥಿತಿಗೆ ಒಂದು ಮನೆ ಇದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಕೋಷ್ಟಕವನ್ನೇ ಮತ್ತೆ ರಚಿಸಬೇಕು. ಅದನ್ನು ಮಾಡಲು ಸಕಾಲವೆಂದರೆ ಮೊದಲ ವಚನವನ್ನು ಊಡಿಸುವುದಕ್ಕೆ ಹಿಂದಿನ ದಿನ.